ಬಹುಮಾನದ ಊಟಕ್ಕೆ ಕರೆದಾಗ ಏನು ಮಾತಾಡಬೇಕು: ಹಳೆಯ ಲೆಫ್ಟ್ ಬ್ಯಾಕ್ ಒಬ್ಬನ ಅನುಭವ

ನೀವು ಒಂದು ಕಾಲಕ್ಕೆ ಫುಟ್ಬಾಲ್ ಆಡಿದವರಾದರೆ, ಫೆಬ್ರವರಿ ಮಾರ್ಚ್ ಹೊತ್ತಿಗೆ ಇಂಥ ಒಂದು ಫೋನ್ ಬಂದೇ ಬರುತ್ತದೆ. "ಸರ್, ನಮ್ಮ ಯೂನಿವರ್ಸಿಟಿ ಫುಟ್ಬಾಲ್ ಕ್ಲಬ್ಬಿಂದು ಬಹುಮಾನ ವಿತರಣೆ ಐತ್ರಿ. ಆಮ್ಯಾಲೆ ಊಟ. ತಾವು ಬಂದು ಎರಡು ಮಾತಾಡಬೇಕ್ರಿ."

ನಾನು ಬಳ್ಳಾರಿಯ ಕೌಲ್ ಬಜಾರಿನವನು. ಕಾಲೇಜಿನಲ್ಲಿ ಲೆಫ್ಟ್ ಬ್ಯಾಕ್, ಅಂದರೆ ಗೋಲಿನ ಮುಂದೆ ಎಡಗಡೆ ಕಾಯುವವನಾಗಿ ಆಡಿದೆ. ಆಮೇಲೆ ಒಂದು ಇಲಾಖೆಯ ಟೀಮಿಗೆ ಹನ್ನೊಂದು ವರ್ಷ ಬೆಂಗಳೂರು ಲೀಗ್ ಆಡಿ, ಮೊಣಕಾಲು ಕೈಕೊಟ್ಟ ಮೇಲೆ ಬಿಟ್ಟೆ. ಇಂಥ ಊಟಗಳಿಗೆ ಈವರೆಗೆ ಏಳೆಂಟು ಸಲ ಹೋಗಿದ್ದೇನೆ. ಮೊದಲನೇ ಸಲ ನಲವತ್ತು ನಿಮಿಷ ಮಾತಾಡಿದೆ. ಯಾವ ಯಾವ ಊರಲ್ಲಿ ಆಡಿದೆ, ಯಾರ ಯಾರ ಎದುರು ಆಡಿದೆ, ಎಲ್ಲ ಹೇಳಿದೆ. ಅಡುಗೆಯವರು ಬಾಗಿಲಲ್ಲಿ ನಿಂತು ಒಳಗೆ ನೋಡುತ್ತಿದ್ದರು. ಊಟದ ಹೊತ್ತಿಗೆ ಗೋಧಿ ಹುಗ್ಗಿ ತಣ್ಣಗಾಗಿ ಗಟ್ಟಿಯಾಗಿತ್ತು. ಕೈ ತೊಳೆಯುವ ಜಾಗದಲ್ಲಿ ಒಬ್ಬ ಹುಡುಗ ತುಂಬಾ ಮರ್ಯಾದೆಯಿಂದ ಕೇಳಿದ: "ಸರ್, ತಾವು ಯಾವ ಪೊಸಿಷನ್ನಾಗ ಆಡ್ತಿದ್ರಿ?"

ನಲವತ್ತು ನಿಮಿಷದಲ್ಲಿ ಅದೊಂದು ಅವನಿಗೆ ತಲುಪಿರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವತ್ತಿನಿಂದ ನಾನು ಈ ಕೆಲಸವನ್ನು ಮ್ಯಾಚಿಗೆ ತಯಾರಾದ ಹಾಗೇ ತಯಾರಾಗಿ ಮಾಡುತ್ತೇನೆ. ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮನ್ನೂ ಯಾರಾದರೂ ಕರೆದಾಗ ಬಳಕೆಗೆ ಬರಲಿ.

ಫೋನಿನಲ್ಲೇ ಕೇಳಿಕೊಳ್ಳಿ

"ಆಯ್ತು, ಬರ್ತೀನಿ" ಅಂದು ಫೋನ್ ಇಡಬೇಡಿ. ಎಷ್ಟು ಜನ ಆಟಗಾರರು, ಎಷ್ಟು ಬಹುಮಾನ, ನನಗಿಂತ ಮೊದಲು ಯಾರು ಯಾರು ಮಾತಾಡುತ್ತಾರೆ, ಊಟ ಎಷ್ಟಕ್ಕೆ, ಇಷ್ಟು ಕೇಳಿ. ಆಮೇಲೆ ಎಲ್ಲ ಆಟಗಾರರ ಹೆಸರು ಬರೆದು ಕಳಿಸಲು ಹೇಳಿ. ಬಹುಮಾನ ಬಂದವರದ್ದಷ್ಟೇ ಸಾಲದು. ಹೆಣ್ಣುಮಕ್ಕಳ ಟೀಮ್ ಇದ್ದರೆ ಅವರದ್ದೂ ಬೇಕು. ಅವರ ಬಗ್ಗೆ ಕೊನೆಗೆ "ಹುಡುಗಿಯರೂ ಆಡ್ತಾರೆ, ಸಂತೋಷ" ಅಂತ ಒಂದು ಸಾಲು ಎಸೆಯುವ ಅತಿಥಿಗಳನ್ನು ನೋಡಿದ್ದೇನೆ. ಅವರೂ ಅದೇ ಬಿಸಿಲಲ್ಲಿ ಅದೇ ತೊಂಬತ್ತು ನಿಮಿಷ ಓಡಿದವರು. ಅವರ ಆಟದ ಬಗ್ಗೆ ಮಾತಾಡಿ.

ಹೆಸರಿನ ಪಟ್ಟಿ ಯಾಕೆ ಅಂದರೆ, ಲೆಕ್ಕ ನೋಡಿ. ಹೋದ ಸಲ ಕರೆದಿದ್ದ ಕಡೆ ಗಂಡುಮಕ್ಕಳು ಇಪ್ಪತ್ತಾರು, ಹೆಣ್ಣುಮಕ್ಕಳು ಹದಿನೆಂಟು. ಒಟ್ಟು ನಲವತ್ತನಾಲ್ಕು. ಕೊಡುವ ಕಪ್ಪು (ಟ್ರೋಫಿ) ಏಳು. ಬೆಸ್ಟ್ ಪ್ಲೇಯರ್, ಬೆಸ್ಟ್ ಕೀಪರ್, ಜಾಸ್ತಿ ಗೋಲು ಹೊಡೆದವರು, ಹೀಗೆ. ಯೂನಿವರ್ಸಿಟಿ ಬ್ಲೂ, ಅಂದರೆ ಯೂನಿವರ್ಸಿಟಿಯನ್ನು ಪ್ರತಿನಿಧಿಸಿ ಆಡಿದವರು ಅನ್ನುವ ಗೌರವ ಪಡೆದ ಕೆಲವರಿಗೆ ಬ್ಲೇಜರ್. ಉಳಿದ ಮೂವತ್ತಕ್ಕೂ ಜಾಸ್ತಿ ಮಕ್ಕಳು ಚಪ್ಪಾಳೆ ತಟ್ಟಿ, ಊಟ ಮಾಡಿ ಹಾಸ್ಟೆಲಿಗೆ ಹೋಗುತ್ತಾರೆ. ಕಪ್ಪು ಬಂದವನಿಗೆ ಕಪ್ಪೇ ಮಾತಾಡುತ್ತದೆ. ನಿಮ್ಮ ಭಾಷಣ ಇರುವುದು ಆ ಉಳಿದವರಿಗೆ. ಈ ಒಂದು ವಿಷಯ ನನಗೆ ತಿಳಿಯಲು ಮೂರು ವರ್ಷ ಹಿಡಿಯಿತು. ಇದು ತಲೆಯಲ್ಲಿ ಕೂತರೆ ಏನು ಹೇಳಬೇಕು, ಏನು ಬಿಡಬೇಕು ಎಲ್ಲವೂ ತಾನಾಗಿ ಗೊತ್ತಾಗುತ್ತದೆ.

ಹಿಂದಿನ ದಿನ ಗ್ರೌಂಡಿಗೆ ಹೋಗಿ

ಇದನ್ನು ಮಾತ್ರ ತಪ್ಪಿಸಬೇಡಿ. ಯಾರಿಗೂ ಹೇಳದೆ, ಸುಮ್ನೆ ಪ್ರಾಕ್ಟೀಸ್ ಹೊತ್ತಿಗೆ ಹೋಗಿ ಮೂಲೆಯಲ್ಲಿ ನಿಲ್ಲಿ. ಬಳ್ಳಾರಿಯಲ್ಲಿ ಮಾರ್ಚ್ ಬಂತೆಂದರೆ ಸಂಜೆ ಐದಕ್ಕೂ ನೆಲ ಸುಡುತ್ತಿರುತ್ತದೆ, ಆದ್ದರಿಂದ ಬೆಳಗ್ಗೆ ಐದೂವರೆಗೇ ಶುರು ಮಾಡುವವರೂ ಇದ್ದಾರೆ. ಯಾವಾಗ ಅಂತ ವಿಚಾರಿಸಿಕೊಂಡು ಹೋಗಿ.

ಹೋದ ಸಲ ನಾನು ನಿಂತಿದ್ದ ಕಡೆ, ಟೀಮ್ ಎರಡು ಭಾಗವಾಗಿ ಆಡುತ್ತಿತ್ತು. ಗೋಲ್ ಪೋಸ್ಟ್ ಹಿಂದೆ ಒಬ್ಬ ಹುಡುಗ ಕುಕ್ಕರಗಾಲಲ್ಲಿ ಕೂತಿದ್ದ. ಮೂರನೇ ಕೀಪರ್. ಅವನ ಮುಂದೆ ಒಂಬತ್ತು ಚೆಂಡು. ಒಂದೊಂದನ್ನೇ ತೊಡೆಯ ಮಧ್ಯೆ ಇಟ್ಟುಕೊಂಡು, ಪಂಪಿನ ಸೂಜಿಯನ್ನು ನಾಲಿಗೆಗೆ ಮುಟ್ಟಿಸಿ ಒದ್ದೆ ಮಾಡಿ, ಮೆಲ್ಲಗೆ ತಿರುಗಿಸುತ್ತ ಒಳಗೆ ಬಿಡುತ್ತಿದ್ದ. ಒಣ ಸೂಜಿ ಚುಚ್ಚಿದರೆ ವಾಲ್ವ್ ಹರಿದು ಚೆಂಡು ಹಾಳಾಗಬಹುದು. ಇದು ಎಲ್ಲರಿಗೂ ಗೊತ್ತು, ಆದರೆ ಅವಸರದಲ್ಲಿ ಯಾರೂ ಮಾಡುವುದಿಲ್ಲ. ಅವನ ಸೂಜಿ ಸೊಟ್ಟಗಾಗಿತ್ತು. ಒಂದು ಕೈಯಿಂದ ಸೂಜಿಯನ್ನು ನೇರ ಹಿಡಿದು ಇನ್ನೊಂದು ಕೈಯಿಂದ ಪಂಪ್ ಹೊಡೆಯುತ್ತಿದ್ದ. ಗಾಳಿ ತುಂಬಿದ ಮೇಲೆ ಪ್ರತಿ ಚೆಂಡನ್ನೂ ಸೊಂಟದೆತ್ತರದಿಂದ ಬಿಟ್ಟು ಎಷ್ಟು ಪುಟಿಯುತ್ತದೆ ಅಂತ ನೋಡಿದ. ಒಂದು ಚೆಂಡು ಮನಸ್ಸಿಗೆ ಬರಲಿಲ್ಲ, ಮತ್ತೆ ಗಾಳಿ ಹೊಡೆದ. ಚೆಂಡು ಮುಗಿದ ಮೇಲೆ ನೆಟ್ಟಿನ ಹರಿದ ಜಾಗಕ್ಕೆ ಸುತಳಿ ಕಟ್ಟಲು ಎದ್ದ.

ಇಡೀ ಸೀಸನ್ ಅವನು ಒಂದು ಮ್ಯಾಚೂ ಆಡಿರಲಿಲ್ಲ. ನಾನು ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ "ಸೂಜಿ, ಸುತಳಿ" ಅಂತ ಬರೆದುಕೊಂಡೆ. ಹಾಗೇ ಇನ್ನೂ ಎಂಟು ಹತ್ತು ಹೆಸರುಗಳ ಮುಂದೆ ಒಂದೊಂದು ಮಾತು. ಎರಡು ಕಾಲಲ್ಲೂ ಕ್ರಾಸ್ ಹಾಕುವ ಹುಡುಗಿ. ಥ್ರೋ ಇನ್ ಆದ ಕೂಡಲೇ ಹಿಂದೆ ತಿರುಗಿ ಬ್ಯಾಕ್‌ಗಳಿಗೆ ಕೂಗಿ ಹೇಳುವ ಹಾಫ್, ಅಂದರೆ ನಡುವೆ ಆಡುವವನು. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು, ಆಡಲಾಗದಿದ್ದರೂ ಲೈನ್ ಪಕ್ಕ ಕೂತಿದ್ದವನು. ಗಾಯದ ಬಗ್ಗೆ ವೇದಿಕೆಯಲ್ಲಿ ಹೇಳುವುದಾದರೆ ಅವನನ್ನು ಮೊದಲೇ ಕೇಳಿ. ಕೆಲವರ ಮನೆಯಲ್ಲಿ ಗೊತ್ತಿರುವುದಿಲ್ಲ.

ನೀವು ಗ್ರೌಂಡಿನಲ್ಲಿ ಕಣ್ಣಾರೆ ನೋಡಿದ್ದನ್ನು ಹೆಸರು ಹಿಡಿದು ಹೇಳಿದರೆ, ಆ ಮಗು ಅದನ್ನು ಮರೆಯುವುದಿಲ್ಲ. ಆದರೆ ನೋಡದೇ ಹೊಗಳಬೇಡಿ. ಆಡುವ ಮಕ್ಕಳಿಗೆ ಸುಳ್ಳು ಹೊಗಳಿಕೆ ತಕ್ಷಣ ತಿಳಿಯುತ್ತದೆ.

ನಿಮ್ಮ ಕಥೆ: ಒಂದೇ ಮ್ಯಾಚ್

ನಿಮ್ಮನ್ನು ಕರೆದಿರುವುದು ನೀವು ಆಡಿದವರು ಅಂತ. ಆದ್ದರಿಂದ ನಿಮ್ಮ ಕಥೆ ಬೇಕು. ಆದರೆ ಇಡೀ ಜೀವನ ಬೇಡ, ಒಂದು ಮ್ಯಾಚ್ ಸಾಕು. ಸೋತ ಮ್ಯಾಚ್ ಆದರೆ ಇನ್ನೂ ಒಳ್ಳೆಯದು, ಯಾಕೆಂದರೆ ಆ ಹಾಲಿನಲ್ಲಿ ಕೂತವರಲ್ಲಿ ಎಲ್ಲರೂ ಸೋತಿದ್ದಾರೆ, ಗೆದ್ದವರು ಕೆಲವರು.

ನಾನು ಈಗ ಹೇಳುವುದು ಇದು. ಹೆಚ್ಚುಕಮ್ಮಿ ಇದೇ ಮಾತುಗಳಲ್ಲಿ:

"1989. ಕೇರಳದ ಒಂದು ಊರು, ಬೆಳಗ್ಗೆಯಿಂದ ಮಳೆ. ಎಂಬತ್ತನೇ ನಿಮಿಷ, ಇನ್ನೂ ಸೊನ್ನೆ-ಸೊನ್ನೆ. ನಾನು ಲೆಫ್ಟ್ ಬ್ಯಾಕ್. ಚೆಂಡು ನನ್ನ ಕಾಲಿಗೆ ಬಂತು, ನಮ್ಮ ಕೀಪರ್‌ಗೆ ಹಿಂದಕ್ಕೆ ತಳ್ಳಿದೆ. ಆಗ ಕೀಪರ್ ಅದನ್ನು ಕೈಯಲ್ಲಿ ಹಿಡಿಯಬಹುದಿತ್ತು, ಆ ನಿಯಮ ಬದಲಾದದ್ದು 1992ರಲ್ಲಿ. ಚೆಂಡು ಅರ್ಧ ದಾರಿಯಲ್ಲಿ ಕೆಸರಿನಲ್ಲಿ ನಿಂತುಬಿಟ್ಟಿತು. ಅವರ ಫಾರ್ವರ್ಡ್ ಮೊದಲು ಮುಟ್ಟಿದ. ಸೋತು ಗಾಡಿ ಹತ್ತಿದೆವು. ಗುಂತಕಲ್ಲಿನಲ್ಲಿ ಬಳ್ಳಾರಿ ಗಾಡಿಗೆ ಕಾಯುವಾಗ ಕ್ಯಾಪ್ಟನ್ ನನ್ನ ಪಕ್ಕ ಬಂದು ಕೂತ. ಏನೂ ಅನ್ನಲಿಲ್ಲ. ಬಳ್ಳಾರಿಯಲ್ಲಿ ಇಳಿಯುವಾಗ ಮಾತ್ರ ಹೇಳಿದ, 'ನಾಳಿ ಐದೂವರಿಗೆ ಗ್ರೌಂಡಿಗೆ ಬಾ.' ಹೋದೆ. ಅವನು ನನಗಿಂತ ಮೊದಲೇ ಬಂದು, ಬೋರಿನಿಂದ ಕೊಡದಲ್ಲಿ ನೀರು ಹೊತ್ತು ಸುರಿದು, ಗೋಲಿನ ಮುಂದಿನ ಎರೆ ಮಣ್ಣನ್ನು ಕೆಸರು ಮಾಡಿಟ್ಟಿದ್ದ. ತಾನೇ ಗೋಲಿನಲ್ಲಿ ನಿಂತ. 'ಅದೇ ಪಾಸ್ ಕೊಡು' ಅಂದ. ಐವತ್ತು ಸಲ ಕೊಟ್ಟೆ. ಬೂಟಿಗೆ ಎರೆ ಮಣ್ಣು ಅಂಟಿ ಕಾಲು ಎತ್ತಲು ಬರುತ್ತಿರಲಿಲ್ಲ. ಆ ವರ್ಷ ನಮ್ಮ ಕ್ಯಾಪ್ಟನ್‌ಗೆ ಯಾವ ಕಪ್ಪೂ ಸಿಗಲಿಲ್ಲ."

ಇಷ್ಟೇ. ಇಲ್ಲಿ ನಿಲ್ಲಿಸಿ ಒಂದು ಉಸಿರು ತೆಗೆದುಕೊಳ್ಳುತ್ತೇನೆ. ಇದರ ಅರ್ಥ ಏನು ಅಂತ ಬಿಡಿಸಿ ಹೇಳಲು ಹೋಗುವುದಿಲ್ಲ. ಮಕ್ಕಳಿಗೆ ಗೊತ್ತಾಗುತ್ತದೆ.

ಮೊದಲು ಇದೇ ಕಥೆ ನನ್ನ ಬಾಯಲ್ಲಿ ಹನ್ನೆರಡು ನಿಮಿಷ ಇತ್ತು. ಆಗ ನಮ್ಮೂರಿಗೆ ಸ್ವಂತ ವಿಶ್ವವಿದ್ಯಾಲಯ ಇರಲಿಲ್ಲ, ಅದು ಬಂದದ್ದು 2010ರಲ್ಲಿ, ನಾವೆಲ್ಲ ಗುಲ್ಬರ್ಗಾ ವಿಶ್ವವಿದ್ಯಾಲಯದ ಟೀಮಿಗೆ ಸೆಲೆಕ್ಷನ್ ಕೊಡಲು ಗುಂತಕಲ್ಲು, ರಾಯಚೂರು ದಾಟಿ ಹೋಗಬೇಕಿತ್ತು ಅಂತೆಲ್ಲ ಶುರು ಮಾಡುತ್ತಿದ್ದೆ. ಅದೆಲ್ಲ ನನಗೆ ಪ್ರೀತಿಯ ವಿಷಯ. ಆದರೆ ಕೆಸರಿನಲ್ಲಿ ನಿಂತ ಚೆಂಡಿಗೆ ಅದು ಬೇಕಾಗಿರಲಿಲ್ಲ. ಕತ್ತರಿಸುವಾಗ ನಾನು ಹಿಡಿದ ಲೆಕ್ಕ ಇದು: ಕೇಳುವವರ ಕಣ್ಣಿಗೆ ಕಾಣುವಂಥದ್ದು ಇರಲಿ, ನನ್ನ ನೆನಪಿಗೆ ಮಾತ್ರ ಸಿಹಿಯಾದದ್ದು ಹೋಗಲಿ. ಕೀಪರ್ ಕೈಯಲ್ಲಿ ಹಿಡಿಯುವ ನಿಯಮದ ಮಾತು ಮಾತ್ರ ಉಳಿಸಿಕೊಂಡೆ. ಅದನ್ನು ಹೇಳದಿದ್ದರೆ ಈಗಿನ ಮಕ್ಕಳಿಗೆ ನಾನು ಯಾಕೆ ಅಷ್ಟು ನಿಧಾನವಾಗಿ ತಳ್ಳಿದೆ ಅಂತ ಅರ್ಥವಾಗುವುದಿಲ್ಲ.

ದೊಡ್ಡ ಉದಾಹರಣೆ ಬೇಕೇ ಬೇಕು ಅನ್ನಿಸಿದರೆ ಒಂದೇ ಒಂದು ತಗೊಳ್ಳಿ, ಅದೂ ನಿಜವಾದದ್ದಿರಲಿ. ನಾನು ರಾಜ್ಯ ರಾಜ್ಯಗಳ ಟೀಮುಗಳು ಆಡುವ ಸಂತೋಷ್ ಟ್ರೋಫಿ ತಗೊಳ್ಳುತ್ತೇನೆ. ನಮ್ಮ ರಾಜ್ಯ ಇನ್ನೂ ಮೈಸೂರು ಅಂತ ಇದ್ದಾಗ 1968-69ರಲ್ಲಿ ಅದನ್ನು ಗೆದ್ದಿತ್ತು. ಮತ್ತೆ ಗೆದ್ದದ್ದು 2023ರ ಮಾರ್ಚ್ 4ರಂದು, ರಿಯಾದ್‌ನಲ್ಲಿ, ಮೇಘಾಲಯದ ಎದುರು 3-2ರಿಂದ. ನಡುವೆ 54 ವರ್ಷ. ಆ 54 ವರ್ಷದಲ್ಲಿ ರಾಜ್ಯದ ಜೆರ್ಸಿ ಹಾಕಿ ಆಡಿ, ಆ ಕಪ್ಪು ಮುಟ್ಟದೇ ಆಟ ಬಿಟ್ಟವರು ಎಷ್ಟು ಜನ ಯೋಚಿಸಿ ಅನ್ನುತ್ತೇನೆ. ಅವರಲ್ಲಿ ಕೆಲವರ ಆಟ ನಾನು ಬೆಂಗಳೂರಿನಲ್ಲಿ ನೋಡಿದ್ದೇನೆ. ಅಂಥ ಪಾಸ್‌ಗಳನ್ನು ಆಮೇಲೆ ನೋಡಿಲ್ಲ.

ಬರಿಗಾಲಿನ ಕಥೆ ಹೇಳುವಾಗ ಹುಷಾರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮವರು ಬಹುತೇಕ ಬರಿಗಾಲಲ್ಲೇ ಫ್ರಾನ್ಸ್ ಎದುರು ಆಡಿ, ಎರಡು ಪೆನಾಲ್ಟಿ ಕಳೆದುಕೊಂಡು 2-1ರಿಂದ ಸೋತದ್ದು ನಿಜ. ಆದರೆ ಬೂಟು ಹಾಕಬೇಕೆಂದರು ಅಂತ 1950ರ ವಿಶ್ವಕಪ್ಪಿಗೆ ಹೋಗಲಿಲ್ಲ ಅನ್ನುವುದನ್ನು ವೇದಿಕೆಯಲ್ಲಿ ಹೇಳಬೇಡಿ. ಆಗಿನವರಿಗೆ ವಿಶ್ವಕಪ್ಪಿಗಿಂತ ಒಲಿಂಪಿಕ್ಸೇ ದೊಡ್ಡದಾಗಿ ಕಂಡಿತ್ತು ಅಂತ 1948ರ ಆ ಟೀಮಿನಲ್ಲಿ ಆಡಿದ್ದ ಶೈಲೇನ್ ಮನ್ನಾ ಅವರೇ ಹೇಳಿದ್ದರು. ನೀವು ಮಾತು ಮುಗಿಸುವ ಮೊದಲೇ ಮಕ್ಕಳು ಮೊಬೈಲಿನಲ್ಲಿ ನೋಡಿಬಿಡುತ್ತಾರೆ.

ಏನು ಹೇಳಬಾರದು

"ನೀವೆಲ್ಲ ಒಂದು ದಿನ ಇಂಡಿಯಾಕ್ಕೆ ಆಡಬೇಕು" ಅನ್ನಬೇಡಿ. ಕೇಳಲು ಚೆನ್ನಾಗಿರುತ್ತದೆ, ಅಷ್ಟೇ. ಇಲ್ಲಿಂದ ಒಂದು ಗಂಟೆಯ ದಾರಿ, ತೋರಣಗಲ್ಲಿನ ಹತ್ತಿರ ವಿಜಯನಗರದಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಅನ್ನುವ ಕ್ರೀಡಾ ತರಬೇತಿ ಸಂಸ್ಥೆ ಇದೆ, 2018ರಲ್ಲಿ ಶುರುವಾಯಿತು. ಬೆಂಗಳೂರು ಎಫ್‌ಸಿ ಫುಟ್ಬಾಲ್ ಕ್ಲಬ್ಬಿನ ಮಕ್ಕಳು ಅಲ್ಲೇ ಉಳಿದು ಕಲಿಯುತ್ತಾರೆ. ಅವರು ಹನ್ನೆರಡು ಹದಿಮೂರಕ್ಕೇ ಆ ದಾರಿ ಹಿಡಿದವರು. ನಮ್ಮ ಯೂನಿವರ್ಸಿಟಿ ಮಕ್ಕಳಿಗೆ ಈಗ ಇಪ್ಪತ್ತು, ಇಪ್ಪತ್ತೊಂದು. ತಾವು ಎಲ್ಲಿದ್ದೇವೆ ಅಂತ ಅವರಿಗೆ ಚೆನ್ನಾಗಿ ಗೊತ್ತು. ಅವರಿಗೆ ನಿಜವಾದ ದಾರಿಗಳನ್ನು ಹೇಳಿ. ದೈಹಿಕ ಶಿಕ್ಷಣದ ಪದವಿ ಬಿ.ಪಿ.ಎಡ್. ಮಾಡಬಹುದು. ದೇಶದ ಫುಟ್ಬಾಲ್ ಸಂಸ್ಥೆ ಎ.ಐ.ಎಫ್.ಎಫ್.ನ ಡಿ ಲೈಸೆನ್ಸ್ ಅನ್ನುವ ಕೋಚಿಂಗ್ ಕೋರ್ಸ್ ಮಾಡಿಕೊಂಡು ಶಾಲೆ ಮಕ್ಕಳಿಗೆ ಕಲಿಸಬಹುದು. ರೆಫರಿ ಪರೀಕ್ಷೆ ಬರೆಯಬಹುದು. ಏನೂ ಇಲ್ಲದಿದ್ದರೆ ಕೆಲಸಕ್ಕೆ ಸೇರಿದ ಊರಲ್ಲಿ ಭಾನುವಾರ ಬೆಳಗ್ಗೆ ಆಡಬಹುದು. ನಾನು ಇದನ್ನು ಹೇಳಿದ ವರ್ಷ ಊಟದ ಹೊತ್ತಿಗೆ ನಾಲ್ಕು ಮಕ್ಕಳು ಬಂದು ರೆಫರಿ ಪರೀಕ್ಷೆಯ ಬಗ್ಗೆ ಕೇಳಿದರು.

"ನಮ್ಮ ಕಾಲದಲ್ಲಿ" ಅಂತ ಶುರು ಮಾಡಬೇಡಿ. ಕ್ರಿಕೆಟ್ಟನ್ನು ಬೈಯಬೇಡಿ, ಅರ್ಧ ಮಕ್ಕಳು ಅದನ್ನೂ ಆಡುತ್ತಾರೆ.

ವೇದಿಕೆಯ ಮೇಲೆ ದೊಡ್ಡವರು ಕೂತಿರುತ್ತಾರೆ, ಅವರ ಮುಂದೆ ಏನಾದರೂ ಕೇಳೋಣ ಅನ್ನಿಸುತ್ತದೆ. ಕೇಳಿ, ಆದರೆ ಒಂದನ್ನೇ ಕೇಳಿ, ಚಿಕ್ಕದನ್ನು ಕೇಳಿ, ದೈಹಿಕ ಶಿಕ್ಷಣದ ನಿರ್ದೇಶಕರಿಗೆ ಮೊದಲೇ ತಿಳಿಸಿ ಕೇಳಿ. "ಕ್ರೀಡೆಗೆ ಪ್ರೋತ್ಸಾಹ ಕೊಡಿ" ಅಂದರೆ ಎಲ್ಲರೂ ತಲೆಯಾಡಿಸುತ್ತಾರೆ, ಅಲ್ಲಿಗೆ ಮುಗಿಯಿತು. ನಾನು ಒಂದು ಸಲ "ಗ್ರೌಂಡಿನ ಪಕ್ಕ ಒಂದು ಕುಡಿಯುವ ನೀರಿನ ನಲ್ಲಿ ಬೇಕು, ಏಪ್ರಿಲ್ ಬರುವುದರೊಳಗೆ" ಅಂತ ಕೇಳಿದೆ. ನಲವತ್ತು ಡಿಗ್ರಿ ದಾಟುವ ಊರಿದು. ಮೇ ತಿಂಗಳಲ್ಲಿ ನಲ್ಲಿ ಬಂತು. ಸ್ವಲ್ಪ ತಡವಾದರೂ ಬಂತು.

ನಿಂತು ಮಾತಾಡುವ ಹೊತ್ತು

ಎಂಟು ನಿಮಿಷ. ಅದಕ್ಕಿಂತ ಜಾಸ್ತಿ ಬೇಡ. ಮನೆಯ ಮಾಳಿಗೆ ಮೇಲೆ ನಿಂತು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಕೇಳಿ. ಒಂದು ಸಲ ಕೇಳಿದರೆ ಸಾಕು, ಎಲ್ಲಿ ಉದ್ದವಾಯಿತು ಅಂತ ನಿಮಗೇ ಗೊತ್ತಾಗುತ್ತದೆ. ಪೂರ್ತಿ ಬರೆದುಕೊಂಡು ಓದಬೇಡಿ. ಪೋಸ್ಟ್ ಕಾರ್ಡಿನಷ್ಟು ಕಾಗದದಲ್ಲಿ ಹೆಸರುಗಳು, ಅವುಗಳ ಮುಂದೆ ಆ ಒಂದೊಂದು ಮಾತು, ಅಷ್ಟೇ ಇರಲಿ. ಹೆಸರನ್ನು ಹೇಗೆ ಉಚ್ಚರಿಸಬೇಕು ಅಂತ ಕ್ಯಾಪ್ಟನ್ ಹತ್ತಿರ ಕೇಳಿ ತಿದ್ದಿಕೊಳ್ಳಿ. ತಪ್ಪು ಹೆಸರು ಕರೆಯುವುದಕ್ಕಿಂತ ಕರೆಯದಿರುವುದೇ ವಾಸಿ.

ಶಾಲು, ಹಾರ ಹಾಕುತ್ತಾರೆ. ಫೋಟೋ ಆದ ಮೇಲೆ ತೆಗೆದು ಕುರ್ಚಿಯ ಮೇಲಿಡಿ. ಗಂಧದ ಹಾರ ಮೈಕಿಗೆ ತಾಗಿ ಚರಚರ ಅನ್ನುತ್ತದೆ. ಮೈಕನ್ನು ಬಾಯಿಂದ ನಾಲ್ಕು ಬೆರಳು ದೂರ ಹಿಡಿಯಿರಿ, ತಲೆ ತಿರುಗಿಸಿದಾಗ ಅದನ್ನೂ ತಿರುಗಿಸಿ. ಬಳ್ಳಾರಿಯ ಕಲ್ಯಾಣ ಮಂಟಪಗಳಲ್ಲಿ ಫ್ಯಾನುಗಳು ಜೋರಾಗಿ ತಿರುಗುತ್ತಿರುತ್ತವೆ, ಕೊನೆ ಸಾಲಿಗೆ ಕೇಳಿಸುವುದಿಲ್ಲ. ನಿಧಾನವಾಗಿ ಮಾತಾಡಿ. ಕರೆಂಟ್ ಹೋದರೆ ನಿಲ್ಲಿಸಬೇಡಿ, ವೇದಿಕೆ ಇಳಿದು ಮಕ್ಕಳ ಮಧ್ಯೆ ಹೋಗಿ ಮಾತಾಡಿ. ನನಗೆ ಒಂದು ಸಲ ಹಾಗಾಯಿತು. ನನ್ನ ಭಾಷಣಗಳಲ್ಲೆಲ್ಲ ಅದೇ ಚೆನ್ನಾಗಿತ್ತು.

ವೇದಿಕೆಯ ಮೇಲಿನ ಎಲ್ಲರ ಹೆಸರನ್ನೂ ಹುದ್ದೆ ಸಮೇತ ಹೇಳುವ ಕೆಲಸ ಸ್ವಾಗತ ಮಾಡುವವರು ಮಾಡಿ ಮುಗಿಸಿರುತ್ತಾರೆ. ನೀವು "ಎಲ್ಲ ಹಿರಿಯರಿಗೂ, ಮಕ್ಕಳಿಗೂ ನಮಸ್ಕಾರ" ಅಂದು ನೇರ ವಿಷಯಕ್ಕೆ ಬನ್ನಿ.

ಇನ್ನೊಂದು, ನಮ್ಮೂರಿನ ಮಾತು. ಬಳ್ಳಾರಿ ಗ್ರೌಂಡಿನಲ್ಲಿ ಮಕ್ಕಳು ಕನ್ನಡದಲ್ಲಿ ಕೂಗುತ್ತಾರೆ, ತೆಲುಗಿನಲ್ಲಿ ಬೈಯುತ್ತಾರೆ, ಉರ್ದುವಿನಲ್ಲಿ ಪಾಸ್ ಕೇಳುತ್ತಾರೆ. ಭಾಷಣ ಕನ್ನಡದಲ್ಲೇ ಇರಲಿ. ಆದರೆ ಒಬ್ಬರ ಹೆಸರು ಹೇಳಿ ಹೊಗಳುವಾಗ, ಅವರ ಮನೆಮಾತು ನಿಮಗೆ ಬಂದರೆ ಅದರಲ್ಲಿ ಒಂದು ಸಾಲು ಹೇಳಿ. ಕೆಲವರ ತಂದೆತಾಯಿ ಹಿಂದಿನ ಸಾಲಿನಲ್ಲಿ ಕೂತಿರುತ್ತಾರೆ, ಅವರಿಗೂ ತಿಳಿಯುತ್ತದೆ.

ಕಪ್ಪು ಕೊಡುವಾಗ ಫೋಟೋದವನನ್ನು ನೋಡಬೇಡಿ, ಮೊದಲು ಮಗುವಿನ ಮುಖ ನೋಡಿ. ಒಂದು ಮಾತು ಆಡಿ, ಆಮೇಲೆ ಕ್ಯಾಮೆರಾ ಕಡೆ ತಿರುಗಿ.

ಆ ಮೂರನೇ ಕೀಪರ್ ವಿಷಯಕ್ಕೆ ಬರುತ್ತೇನೆ. ನನ್ನ ಪಟ್ಟಿಯಲ್ಲಿ ಅವನನ್ನು ಕೊನೆಗೆ ಇಟ್ಟಿದ್ದೆ. ಹೆಸರು ಹೇಳಿ, "ನಿನ್ನೆ ನೀನು ಒಂಬತ್ತು ಚೆಂಡಿಗೆ ಗಾಳಿ ಹೊಡೆಯುವುದನ್ನು ನಾನು ನೋಡಿದೆ. ನೀನು ಸೂಜಿ ಒದ್ದೆ ಮಾಡಿಯೇ ಚುಚ್ಚಿದೆ. ಒಂದನ್ನು ಎರಡು ಸಲ ನೋಡಿದೆ" ಅಂದೆ. ಹಾಲಿನಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಮೊದಲನೇ ಕೀಪರ್, ಕಪ್ಪು ಬಂದವನು, ಎದ್ದು ನಿಂತು ಚಪ್ಪಾಳೆ ತಟ್ಟಿದ. ಉಳಿದವರೂ ಎದ್ದರು. ಹುಡುಗ ತಲೆ ತಗ್ಗಿಸಿ ಕೂತೇ ಇದ್ದ, ಕಿವಿ ಕೆಂಪಾಗಿತ್ತು.

ಊಟಕ್ಕೆ ಅತಿಥಿಗಳ ಟೇಬಲ್ ಬೇರೆ ಹಾಕಿರುತ್ತಾರೆ. ಅಲ್ಲಿ ಕೂರಬೇಡಿ. ಕ್ಷಮೆ ಕೇಳಿ, ಮಕ್ಕಳ ಸಾಲಿನಲ್ಲಿ ಕೂತು ರೊಟ್ಟಿ, ಎಣ್ಣೆಗಾಯಿ ಹಾಕಿಸಿಕೊಳ್ಳಿ. ವೇದಿಕೆಯಲ್ಲಿ ಕೇಳಲಾಗದ್ದನ್ನು ಅವರು ಅಲ್ಲಿ ಕೇಳುತ್ತಾರೆ. ಮೊಣಕಾಲಿನ ನೋವು, ಮನೆಯಲ್ಲಿ ಆಟ ಬಿಡು ಅನ್ನುವುದು, ಕೋಚ್ ಆಡಿಸದಿರುವುದು. ಉತ್ತರ ಗೊತ್ತಿದ್ದರೆ ಹೇಳಿ. ಇಲ್ಲದಿದ್ದರೆ ಸುಮ್ನೆ ಕೇಳಿಸಿಕೊಳ್ಳಿ.

"ಒಂದು ದಿನ ಗ್ರೌಂಡಿಗೆ ಬನ್ನಿ ಸರ್" ಅಂದೇ ಅನ್ನುತ್ತಾರೆ. ಬರ್ತೀನಿ ಅಂದರೆ ಹೋಗಬೇಕು, ಅದೂ ಆ ವಾರವೇ, ಬೆಳಗ್ಗೆ ಐದೂವರೆಗೆ. ಹೋಗುವಾಗ ಅಂಗಡಿಯಿಂದ ಪಂಪಿನ ಸೂಜಿ ನಾಲ್ಕಾರು ತಗೊಂಡು ಹೋಗಿ. ಅವು ಬೇಗ ಸೊಟ್ಟಗಾಗುತ್ತವೆ.